ರಾತ್ರಿ ಪಾಳಿಯ ಗುಂಡನಿಗೆ ನೂರಕ್ಕೆ ನೂರು

ಗೆ,
ಮಹಾರಾಜಶ್ರೀ ‘ಸುರಕ್ಷಿತ ಹೆಜ್ಜೆ’ ಎಂಬ ಅಂತರ್ಜಾಲ ತರಬೇತಿ ಕೋರ್ಸ್ ಅವರ ಸನ್ನಿಧಿಗೆ,
ಆವೃತ್ತಿ ನಾಲ್ಕು,
ಹಾಲಿ ವಾಸ: ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಸರ್ವರ್, ಮೆಟ್ಟಿಲ ಕೆಳಗಿನ ಕಪಾಟು, ನೆಲ ಒರೆಸುವ ಬಕೆಟ್ಟಿನ ಪಕ್ಕ.

ವಿಷಯ: ತಾವು ಕಲಿಸಿದ್ದನ್ನು ನಮ್ಮವರು ಚಾಚೂ ತಪ್ಪದೆ ಕಲಿತದ್ದರಿಂದ ಆದ ಅನಾಹುತದ ಬಗ್ಗೆ.
ಉಲ್ಲೇಖ: ತಾವು ನನಗೆ ಕೆಂಪು ಅಕ್ಷರಗಳಲ್ಲಿ ದಯಪಾಲಿಸಿದ ಹನ್ನೊಂದು ಸಂದೇಶಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ಭಾವಿಸದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ಕ್ಷೇಮವೇ ತಮ್ಮ ಕಸುಬು. ಇತ್ತ ನಾನೂ ಕ್ಷೇಮ ಎಂದು ಬರೆಯಬಹುದಿತ್ತು, ಆದರೆ ತಮ್ಮ ಎರಡನೆಯ ಪಾಠದಲ್ಲಿ ‘ನಿದ್ದೆಗೆಟ್ಟವರು ಯಂತ್ರದ ಹತ್ತಿರ ಹೋಗಬಾರದು’ ಎಂದು ತಾವೇ ಅಪ್ಪಣೆ ಕೊಡಿಸಿರುವುದರಿಂದ, ಎಂಟು ತಿಂಗಳಿಂದ ಒಂದೇ ಪಟ್ಟಿಗೆ ಎರಡು ಗಂಟೆ ಮಲಗಿ ಗೊತ್ತಿಲ್ಲದ ನಾನು ತಮ್ಮನ್ನು ಸರ್ವರ್‌ಗೆ ಹಾಕಿದ್ದೇ ತಮ್ಮ ನಿಯಮಗಳ ಪ್ರಕಾರ ದೊಡ್ಡ ಅಪರಾಧವೆಂಬುದನ್ನು ಮೊದಲೇ ಒಪ್ಪಿಕೊಂಡು, ತಲೆಬಾಗಿ, ಮುಂದಿನದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಹೆರಿಗೆ ರಜೆ ಮುಗಿಸಿ ನಾನು ಇಲ್ಲಿನ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಮರಳಿದ ಎರಡನೆಯ ವಾರ, ನಮ್ಮ ಮ್ಯಾನೇಜರ್ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು, “ನೋಡಿ ಮೇಡಂ, ಮುಂದಿನ ಸೋಮವಾರ ಸುರಕ್ಷತೆ ಇನ್ಸ್‌ಪೆಕ್ಟರ್ ಬರ್ತಾರೆ. ಅಷ್ಟರೊಳಗೆ ಎಲ್ರೂ ಈ ಕೋರ್ಸ್ ಪಾಸಾಗಿ, ನಲವತ್ತೊಂದು ಜನರ ಹೆಸರಿನ ಮುಂದೂ ಹಸಿರು ಟಿಕ್ ಇರ್ಬೇಕು. ಇದೊಂದು ಮಾಡಿಕೊಡಿ, ನೀವು ದಿನಾ ನಾಲ್ಕಕ್ಕೇ ಹೊರಡೋಕೆ ನಾನು ಕಣ್ಣು ಮುಚ್ಚಿಕೊಂಡು ಸಹಿ ಹಾಕ್ತೀನಿ” ಎಂದರು. ಆರರ ಬದಲು ನಾಲ್ಕು ಎಂದರೇನೆಂದು ತಮ್ಮಂಥ ಹಗಲಿರುಳಿಲ್ಲದವರಿಗೆ ತಿಳಿಯಲಿಕ್ಕಿಲ್ಲವಾದ್ದರಿಂದ ವಿವರಿಸುತ್ತೇನೆ. ನನ್ನ ಮಗ ನಗುವುದು ಸಂಜೆ ನಾಲ್ಕರಿಂದ ಆರರವರೆಗೆ. ಆ ಹೊತ್ತಿನಲ್ಲಿ ಅತ್ತೆಯನ್ನು ನೋಡಿ ನಗುತ್ತಾನೆ, ಪಕ್ಕದ ಮನೆಯ ದರ್ಜಿಯನ್ನು ನೋಡಿ ನಗುತ್ತಾನೆ, ಗೋಡೆಯ ಮೇಲಿನ ಸ್ವಿಚ್ಚನ್ನು ನೋಡಿ ಕೂಡ ಕೇಕೆ ಹಾಕುತ್ತಾನಂತೆ. ನಾನು ಆರೂವರೆಗೆ ಚಪ್ಪಲಿ ಬಿಡುವ ಹೊತ್ತಿಗೆ ನಗುವಿನ ಪಾಳಿ ಮುಗಿದು ಅಳುವಿನ ಪಾಳಿಯ ಗಂಟೆ ಬಾರಿಸಿರುತ್ತದೆ, ಮತ್ತು ಆ ಪಾಳಿಗೆ ಖಾಯಂ ನೌಕರಳು ನಾನೊಬ್ಬಳೇ. ಹೀಗಾಗಿ, ಮಾನ್ಯರೇ, ನನ್ನ ಮಗನ ನಗುವಿಗೂ ನನಗೂ ನಡುವೆ ಬಾಗಿಲಲ್ಲಿ ನಿಂತಿದ್ದವರು ತಾವು.

ತಮ್ಮನ್ನು ಸರ್ವರ್‌ಗೆ ಏರಿಸುವ ಭಾಗ್ಯ ಮಂಗಳವಾರ ಒದಗಿತು. ತಮ್ಮ ಗಾತ್ರ ನಮ್ಮ ಸರ್ವರ್ ನುಂಗಬಲ್ಲ ತುತ್ತಿಗಿಂತ ಕೊಂಚ ದೊಡ್ಡದೆಂಬುದನ್ನು ಅದು ಮೊದಲೇ ಹೇಳದೆ, ನೂರಕ್ಕೆ ತೊಂಬತ್ತೊಂಬತ್ತರವರೆಗೂ ಸದ್ದಿಲ್ಲದೆ ನುಂಗಿ, ಕೊನೆಯ ಒಂದಕ್ಕೆ ಎಲ್ಲವನ್ನೂ ಹೊರಗೆ ಉಗುಳಿತು. ಈ ಚಾತುರ್ಯವನ್ನು ನಾನು ಅದಕ್ಕೂ ಮೊದಲು ಒಬ್ಬನಲ್ಲಿ ಮಾತ್ರ ಕಂಡಿದ್ದೆ, ಆದರೆ ಅವನಿಗೆ ಎದೆಗೆ ಬಟ್ಟೆ ಕಟ್ಟಬಹುದು, ಸರ್ವರ್‌ಗೆ ಎಲ್ಲಿ ಕಟ್ಟುವುದು? ತುತ್ತಿನ ಮಿತಿಯನ್ನು ಹಿಗ್ಗಿಸಿದೆ. ಆಗ ತಾವು ಒಳಗೆ ಬಂದಿರಿ, ಬಂದವರೇ ‘ಈ ಫೋಲ್ಡರಿನಲ್ಲಿ ಬರೆಯಲು ಅನುಮತಿಯಿಲ್ಲ’ ಎಂದು ಹೊಸ್ತಿಲಲ್ಲೇ ಮುನಿಸಿಕೊಂಡು ನಿಂತಿರಿ. ನಲವತ್ತು ಪುಟಗಳ ತಮ್ಮ ಕೈಪಿಡಿಯನ್ನು ತೆರೆದರೆ ಅದರಲ್ಲಿ ಪ್ರತಿಯೊಂದು ಸಂಕಟಕ್ಕೂ ಒಂದೇ ಮದ್ದು ಬರೆದಿತ್ತು: ‘ನಿಮ್ಮ ಸರ್ವರ್ ನೋಡಿಕೊಳ್ಳುವವರನ್ನು ಸಂಪರ್ಕಿಸಿ.’ ಆಕೆಯನ್ನು ಕೂಡಲೇ ಸಂಪರ್ಕಿಸಿದೆ. ಕಪಾಟಿನ ಮುಂದೆ ಬಕೆಟ್ಟನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಆಕಳಿಸುತ್ತಿದ್ದಳು, ಹೆಚ್ಚೇನೂ ಪ್ರಯೋಜನವಾಗಲಿಲ್ಲ.

ಆದರೂ ಗುರುವಾರ ಮಧ್ಯಾಹ್ನದ ಹೊತ್ತಿಗೆ ತಾವು ಪ್ರಸನ್ನರಾದಿರಿ. ಕೊನೆಯ ವಿಧಿಯಾಗಿ, ಪರೀಕ್ಷಾರ್ಥ ಒಬ್ಬ ಉದ್ಯೋಗಿಯನ್ನು ಸೃಷ್ಟಿಸಿ ಇಡೀ ಕೋರ್ಸನ್ನು ಓಡಿಸಿ ನೋಡಬೇಕೆಂದು ಕೇಳಿದಿರಿ. ಹೆಸರು ಎಂದಲ್ಲಿ ಕೈಗೆ ಬಂದದ್ದು ನನ್ನ ಮಗನನ್ನು ಮನೆಯಲ್ಲಿ ಕರೆಯುವ ಹೆಸರು, ಗುಂಡ. ವಿಭಾಗ ಎಂದಲ್ಲಿ ಪಟ್ಟಿ ನೋಡಿದೆ, ಪ್ರಾಮಾಣಿಕವಾಗಿಯೇ ‘ರಾತ್ರಿ ಪಾಳಿ’ ಒತ್ತಿದೆ. ಗುಂಡನ ಪರವಾಗಿ ಆರೂ ಪಾಠ ನೋಡಿ, ಹತ್ತೂ ಪ್ರಶ್ನೆಗೆ ಉತ್ತರಿಸಿ, ಕೊನೆಯ ಪುಟದ ಮೂಲೆಯಲ್ಲಿ ಬೂದು ಬಣ್ಣದಲ್ಲಿ ನಾಚಿಕೊಂಡು ಕೂತಿದ್ದ ‘ಮುಗಿಸಿ’ ಎಂಬ ಪುಟಾಣಿ ಬಟನ್ನನ್ನು ಹುಡುಕಿ ಒತ್ತಿದೆ. ಎಲ್ಲ ಸರಿಯಿದೆ ಎಂದಿರಿ. ನಾನು ನಂಬಿದೆ.

ಇಲ್ಲಿ ತಮ್ಮ ಒಂದು ಸದ್ಗುಣವನ್ನು ಹೊಗಳದಿದ್ದರೆ ನಾನು ಕೃತಘ್ನಳಾಗುತ್ತೇನೆ. ಐದು ನಿಮಿಷ ಕೈಯಾಡಿಸದಿದ್ದರೆ ತಾವು ಪರದೆಯ ಮೇಲೆ ‘ನೀವು ಇನ್ನೂ ಇದ್ದೀರಾ?’ ಎಂದು ಕೇಳುತ್ತೀರಿ. ಮಗು ಹುಟ್ಟಿದ ಮೇಲೆ ನಮ್ಮ ಮನೆಗೆ ಬಂದವರು ಮಗುವಿನ ತೂಕ ಕೇಳಿದ್ದಾರೆ, ಹಲ್ಲು ಕೇಳಿದ್ದಾರೆ, ಮೂಗು ಯಾರ ಕಡೆಯದೆಂದು ಕೇಳಿ ಜಗಳವನ್ನೂ ಆಡಿದ್ದಾರೆ. ನಾನು ಇನ್ನೂ ಇದ್ದೇನೆಯೇ ಎಂದು ಕೇಳಿದವರು ತಾವೊಬ್ಬರೇ. ಮೊದಲ ಸಲ ನನಗೆ ಕಣ್ಣು ತುಂಬಿ ಬಂತು. ಉತ್ತರ ಕೊಡುವಷ್ಟರಲ್ಲಿ ಸಮಯ ಮೀರಿತೆಂದು ನನ್ನನ್ನು ಹೊರಹಾಕಿ ಮೊದಲ ಪಾಠಕ್ಕೆ ಕಳಿಸಿದಿರಿ, ಅದು ಬೇರೆ ಮಾತು.

ತಮ್ಮ ಬೋಧನೆ ಮನೆಯವರೆಗೂ ಬಂತು. ‘ಅಪಾಯವನ್ನು ಗುರುತಿಸಿ’ ಎಂಬ ಪಾಠ ನೋಡಿದ ಸಂಜೆ ನಾನು ನಮ್ಮ ಎರಡು ಕೋಣೆಯ ಮನೆಯಲ್ಲಿ ಅರವತ್ತಮೂರು ಅಪಾಯಗಳನ್ನು ಗುರುತಿಸಿ, ಮೇಜಿನ ಮೂಲೆಗಳಿಗೆ ಕಾರ್ಖಾನೆಯ ರಟ್ಟು ಸುತ್ತಿ, ಅತ್ತೆಯ ಕೈಚೀಲದ ಮೇಲೆ ‘ಎಡವುವ ಸಾಧ್ಯತೆ’ ಎಂದು ಹಳದಿ ಚೀಟಿ ಅಂಟಿಸಿದೆ. ಅತ್ತೆ ಚೀಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಅಲ್ಲಮ್ಮಾ, ನಾನು ಮೂರು ಮಕ್ಕಳನ್ನ ಸಾಕಿದ್ದು ಹೆಲ್ಮೆಟ್ ಹಾಕ್ಕೊಂಡಾ?” ಎಂದು ಕೇಳಿ, ಆ ಚೀಟಿಯನ್ನು ಕಿತ್ತು ಸೋಫಾದ ಮೇಲೆ ಮಲಗಿದ್ದ ತಮ್ಮ ಮಗನ, ಅಂದರೆ ನನ್ನ ಗಂಡನ ಬೆನ್ನಿಗೆ ಅಂಟಿಸಿದರು. ಅರವತ್ತನಾಲ್ಕು ಎಂದು ಪಟ್ಟಿಯಲ್ಲಿ ತಿದ್ದಿಕೊಂಡೆ.

ಶುಕ್ರವಾರ, ಶನಿವಾರ ಎರಡೂ ದಿನ ನಮ್ಮ ನಲವತ್ತೊಂದು ಜನ ಊಟದ ಕೋಣೆಯಲ್ಲಿಟ್ಟ ನಾಲ್ಕು ಕಂಪ್ಯೂಟರುಗಳ ಮುಂದೆ ಸರದಿಯ ಮೇಲೆ ಕೂತರು. ಹೇಳಿದರೆ ನಂಬುತ್ತೀರೋ ಇಲ್ಲವೋ, ತಮಗೆ ಇಷ್ಟು ಭಕ್ತಿಯ ಶಿಷ್ಯರು ಬೇರೆಲ್ಲೂ ಸಿಕ್ಕಿರಲಾರರು. ಅಂಟು ಕಾಯಿಸುವ ಅಕ್ಕ ಕನ್ನಡಕ ಒರೆಸಿ ಒರೆಸಿ ಓದಿದಳು. ಕಾಗದದ ಭಾರಿ ಸುರುಳಿಗಳನ್ನು ಎತ್ತಿಡುವ ಫೋರ್ಕ್‌ಲಿಫ್ಟ್ ಅಣ್ಣನಂತೂ ತಪ್ಪು ಉತ್ತರ ಒತ್ತಿದಾಗಲೆಲ್ಲ ಪರದೆಗೆ ಕೈಮುಗಿದು “ತಪ್ಪಾಯ್ತು ಸಾರ್” ಎಂದು ಮತ್ತೆ ಒತ್ತಿದ. ಮುಗಿಸಿದವರು ಎದ್ದು ಹೋಗುವ ಮುಂಚೆ ಗೋಡೆಯಲ್ಲಿ ತಂತಮ್ಮ ಕಂಪ್ಯೂಟರಿನ ಸ್ವಿಚ್ ಆರಿಸುವುದನ್ನೂ, ಮುಂದಿನವರು ಬಂದು ಮತ್ತೆ ಹಾಕುವುದನ್ನೂ ನಾನು ಗಾಜಿನಾಚೆಯಿಂದ ನೋಡಿ, ಆಹಾ, ವಿದ್ಯುತ್ ಉಳಿಸುತ್ತಿದ್ದಾರಲ್ಲ ಎಂದು ಹೆಮ್ಮೆಪಟ್ಟೆ. ಎಷ್ಟು ಜನ ಪಾಸಾದರೆಂಬ ವರದಿಯನ್ನು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮಾತ್ರ ಕೊಡುವುದು ತಮ್ಮ ವ್ರತವಾದ್ದರಿಂದ, ಭಾನುವಾರ ನಾನು ಇಡೀ ಮೂರು ಗಂಟೆ ಒಂದೇ ಸಮನೆ ಮಲಗಿದೆ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ವರದಿ ಬಂತು. ನಲವತ್ತೊಂದು ಹೆಸರುಗಳ ಮುಂದೆ ‘ಅಪೂರ್ಣ.’ ಪಟ್ಟಿಯ ಕೊನೆಯಲ್ಲಿ ಒಂದೇ ಒಂದು ಹಸಿರು ಟಿಕ್: ಗುಂಡ, ರಾತ್ರಿ ಪಾಳಿ, ನೂರಕ್ಕೆ ನೂರು, ಫೋರ್ಕ್‌ಲಿಫ್ಟ್ ಚಲಾಯಿಸಲು ಅರ್ಹರು.

ಹತ್ತಕ್ಕೆ ಇನ್ಸ್‌ಪೆಕ್ಟರ್ ಬಂದರು. ಕನ್ನಡಕಕ್ಕೆ ಸರಪಳಿ ಹಾಕಿಕೊಂಡ, ನೋಡಿದರೆ ನಮ್ಮ ಗಣಿತದ ಟೀಚರನ್ನು ನೆನಪಿಸುವ ಹೆಂಗಸು. ಪಟ್ಟಿಯ ಮೇಲಿಂದ ಕೆಳಗೆ ಬೆರಳು ಇಳಿಸಿಕೊಂಡು ಬಂದು ಕೊನೆಯ ಸಾಲಿನಲ್ಲಿ ನಿಲ್ಲಿಸಿ, “ಸದ್ಯ, ಒಬ್ಬರಾದರೂ ಇದ್ದಾರಲ್ಲ. ಈ ಗುಂಡ ಅನ್ನೋರನ್ನ ಕರೀರಿ” ಎಂದರು. ಮ್ಯಾನೇಜರ್ ಸಾಹೇಬರು ನನ್ನ ಮುಖ ನೋಡಿದರು. ನಾನು ಇದ್ದದ್ದನ್ನೇ ಹೇಳಿದೆ, ಈಗ ಮಲಗಿರ್ತಾರೆ ಮೇಡಂ, ರಾತ್ರಿಯಿಡೀ ಎದ್ದಿದ್ರು ಅಂತ. ಎಷ್ಟು ಅನುಭವ ಎಂದರು. ಎಂಟು ತಿಂಗಳು ಎಂದೆ. ಹಿಂದೆ ಏನು ಕೆಲಸ ಮಾಡ್ತಿದ್ರು ಎಂದರು. ಅಲ್ಲಿಗೆ ನನ್ನ ಧೈರ್ಯ ಮುಗಿಯಿತು. ಒಂದೇ ಉಸಿರಿನಲ್ಲಿ ಸರ್ವರ್, ತುತ್ತು, ಬಕೆಟ್ಟು, ನಾಲ್ಕು ಗಂಟೆ, ನಗುವಿನ ಪಾಳಿ ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಮ್ಯಾನೇಜರ್ ಸಾಹೇಬರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ಮೊದಲ ಬಾರಿಗೆ ನೋಡುವವರಂತೆ ನೋಡುತ್ತ ನಿಂತರು.

ಇನ್ಸ್‌ಪೆಕ್ಟರ್ ಬೈಯಲಿಲ್ಲ. “ಯಾರನ್ನಾದ್ರೂ ನನ್ನೆದುರಿಗೇ ಪರೀಕ್ಷೆಗೆ ಕೂರಿಸಿ” ಎಂದರು. ಫೋರ್ಕ್‌ಲಿಫ್ಟ್ ಅಣ್ಣ ಕೂತ. ಹತ್ತಕ್ಕೆ ಒಂಬತ್ತು ಉತ್ತರ ಸರಿ. ಕೊನೆಯ ಪುಟದಲ್ಲಿ ತಾವು ದಪ್ಪ ಅಕ್ಷರಗಳಲ್ಲಿ ‘ಅಭಿನಂದನೆಗಳು! ಯಂತ್ರದ ಬಳಿಯಿಂದ ಏಳುವ ಮೊದಲು ಮುಖ್ಯ ಸ್ವಿಚ್ ಆರಿಸಿ’ ಎಂದು ಬೀಳ್ಕೊಟ್ಟಿರಿ. ಅಣ್ಣ ಎದ್ದ, ಗೋಡೆಗೆ ಹೋದ, ಸ್ವಿಚ್ ಆರಿಸಿದ, ತಿರುಗಿ ನಮ್ಮೆಲ್ಲರಿಗೂ ನಮಸ್ಕಾರ ಮಾಡಿದ. ‘ಮುಗಿಸಿ’ ಎಂಬ ಬೂದು ಬಟನ್ನು ಒತ್ತುವವರಿಲ್ಲದೆ, ಅಂಕಗಳು ಸರ್ವರ್‌ಗೆ ಹೊರಡುವ ಮುಂಚೆಯೇ, ಕತ್ತಲಲ್ಲಿ ಮುಳುಗಿತು. ಯಾಕಪ್ಪಾ ಹಾಗೆ ಮಾಡಿದೆ ಎಂದು ಕೇಳಿದರೆ, “ಅದೇ ತಾನೇ ಮೇಡಂ ಆರು ಪಾಠದಿಂದ ಬಡ್ಕೊಳ್ತಾ ಇರೋದು, ಏಳೋ ಮುಂಚೆ ಮೇನ್ ಆಫ್ ಮಾಡು ಅಂತ? ನಾನೇನು ಪಾಠ ಕೇಳಲಿಲ್ಲ ಅಂದ್ಕೊಂಡ್ರಾ?” ಎಂದು ಅವನೇ ನೊಂದುಕೊಂಡ. ಇನ್ಸ್‌ಪೆಕ್ಟರ್ ನಕ್ಕ ನಗುವಿಗೆ ಕನ್ನಡಕ ಜಾರಿ ಸರಪಳಿಯಲ್ಲಿ ನೇತಾಡಿತು.

ತಮ್ಮನ್ನು ಪಾಲಿಸಿದ ನಲವತ್ತೊಂದು ಜನರನ್ನು ಫೇಲು ಮಾಡಿ, ಸ್ವಿಚ್ಚಿಗೆ ಬೆರಳೂ ತಾಗಿಸದ ನನ್ನ ಗುಂಡನೊಬ್ಬನನ್ನು ಪಾಸು ಮಾಡಿದ ತಮ್ಮ ನ್ಯಾಯದೃಷ್ಟಿಗೆ ನಾನು ಎಷ್ಟು ಸಲ ಅಡ್ಡಬಿದ್ದರೂ ಸಾಲದು. “ಸಂಜೆ ತನಕ ಇಲ್ಲೇ ಇರ್ತೀನಿ, ಯಂತ್ರಗಳನ್ನ ನೋಡೋದಿದೆ, ಅಷ್ಟರಲ್ಲಿ ಸರಿ ಮಾಡ್ಕೊಳ್ಳಿ” ಎಂದು ಇನ್ಸ್‌ಪೆಕ್ಟರ್ ಹೊರಟರು. ನಾನು ತಮ್ಮ ಕೈಪಿಡಿಯೊಡನೆ ಬಕೆಟ್ಟಿನ ಮೇಲೆ ಕೂತೆ. ಮೂವತ್ತೆಂಟನೆಯ ಪುಟದಲ್ಲಿ, ‘ಇತರೆ’ ಎಂಬ ಶೀರ್ಷಿಕೆಯಡಿ, ಪರದೆಯ ಬಣ್ಣ ಬದಲಿಸುವುದು ಹೇಗೆಂಬುದರ ಕೆಳಗೆ, ‘ಪ್ರತಿ ಉತ್ತರದ ನಂತರ ಅಂಕ ಉಳಿಸಿ, ವರದಿಯಲ್ಲಿ ಕೂಡಲೇ ತೋರಿಸಿ’ ಎಂಬ ಚೌಕವೊಂದಿತ್ತು. ಖಾಲಿ ಬಿಟ್ಟಿದ್ದಿರಿ. ಅದರೊಳಗೆ ಒಂದು ಗುರುತು ಹಾಕಲು ನನಗೆ ಒಂದು ಕ್ಷಣ ಸಾಕಾಯಿತು, ಅದನ್ನು ಹುಡುಕಲು ಒಂದು ವಾರ ಹಿಡಿದಿತ್ತು.

ಆಮೇಲೆ ಮ್ಯಾನೇಜರ್ ಸಾಹೇಬರದೂ ಸೇರಿಸಿ ಕಚೇರಿಯ ಎಲ್ಲ ಕಂಪ್ಯೂಟರುಗಳನ್ನು ಬಿಡಿಸಿಕೊಂಡು ನಲವತ್ತೊಂದು ಜನರೂ ಮತ್ತೊಮ್ಮೆ ಪರೀಕ್ಷೆ ಬರೆದರು. ಒಬ್ಬೊಬ್ಬರು ಎದ್ದು ಠಕ್ಕನೆ ಸ್ವಿಚ್ ಆರಿಸಿದಾಗಲೂ ಇತ್ತ ನನ್ನ ಪಟ್ಟಿಯಲ್ಲಿ ಒಂದು ಹಸಿರು ಮೂಡುತ್ತಿತ್ತು. ಮೂರೂ ನಲವತ್ತೆಂಟಕ್ಕೆ, ನಲವತ್ತೊಂದನೆಯದಾಗಿ, ಫೋರ್ಕ್‌ಲಿಫ್ಟ್ ಅಣ್ಣನ ಟಿಕ್ ಬಂತು. ಅವನು “ಹೋಗು ತಂಗಿ, ಮಗು ಕಾಯ್ತಿರುತ್ತೆ” ಎಂದ. ಮ್ಯಾನೇಜರ್ ಸಾಹೇಬರು ಜೇಬು ತಡಕಿ, ಪೆನ್ನು ಸಿಗದೆ, ಇನ್ಸ್‌ಪೆಕ್ಟರ್ ಕೊಟ್ಟ ಪೆನ್ನಿನಲ್ಲಿ ಸಹಿ ಹಾಕಿದರು. ಕಣ್ಣು ಮಾತ್ರ ಮುಚ್ಚಲಿಲ್ಲ.

ಕೊನೆಯದಾಗಿ ಕೆಲವು ಸಣ್ಣ ಬೇಡಿಕೆಗಳು. ತಮ್ಮ ಕೈಪಿಡಿ ಬರೆದ ಮಹನೀಯರನ್ನು ಒಂದು ವಾರದ ಮಟ್ಟಿಗೆ ನಮ್ಮ ಕಪಾಟಿಗೆ ಕಳಿಸಿಕೊಡಬೇಕು, ಬಕೆಟ್ಟನ್ನು ನಾನೇ ಒರೆಸಿಡುತ್ತೇನೆ. ಐದು ನಿಮಿಷ ಸುಮ್ಮನಿದ್ದವರನ್ನು ಹೊರಹಾಕುವ ತಮ್ಮ ವಿದ್ಯೆಯನ್ನು ತಿರುಗುಮುರುಗು ಮಾಡಿ, ಐದು ನಿಮಿಷ ಅತ್ತವರು ತಾವಾಗಿಯೇ ನಿದ್ದೆಹೋಗುವಂತೆ ಐದನೆಯ ಆವೃತ್ತಿಯಲ್ಲಿ ಏರ್ಪಾಡು ಮಾಡಬೇಕು. ಅದನ್ನು ನಮ್ಮ ತೊಟ್ಟಿಲಿಗೆ ಹಾಕಿಕೊಳ್ಳಲು ಯಾವ ಫೋಲ್ಡರಿನ ಅನುಮತಿ ಬೇಕಾದರೂ ಕೊಡಲು ಸಿದ್ಧಳಿದ್ದೇನೆ. ಹಾಗೆಯೇ ನಮ್ಮ ಅತ್ತೆಗೆ, ಮೂರು ಮಕ್ಕಳನ್ನು ಹೆಲ್ಮೆಟ್ಟಿಲ್ಲದೆ ಸಾಕಿದ ಸಾಧನೆಗಾಗಿ, ಪರೀಕ್ಷೆಯಿಲ್ಲದೆ ಒಂದು ಪ್ರಮಾಣಪತ್ರ.

ಇಂತಿ, ತಮ್ಮ ಅನುಮತಿಯನ್ನೂ ತಮ್ಮ ಅಂಕಗಳನ್ನೂ ಕಾಯುತ್ತಿರುವ,
ಎಲ್ಲ ಆದಮೇಲೂ ತಮ್ಮ ವಿಶ್ವಾಸಿ,
ಸರ್ವರ್ ನೋಡಿಕೊಳ್ಳುವವಳು

ತಾ.ಕ.: ಗುಂಡನ ಹೆಸರನ್ನು ಅಳಿಸಲು ಹೋದರೆ ‘ಅರ್ಹ ಉದ್ಯೋಗಿಯನ್ನು ತೆಗೆಯಲು ಅವರ ಮೇಲಧಿಕಾರಿಯ ಒಪ್ಪಿಗೆ ಬೇಕು’ ಎನ್ನುತ್ತಿದ್ದೀರಿ. ಅವನಿಗೆ ಮೇಲಧಿಕಾರಿ ಯಾರೂ ಇಲ್ಲ, ನಮ್ಮೆಲ್ಲರಿಗೂ ಅವನೇ. ಹಾಗಾಗಿ ಇರಲಿ ಬಿಡಿ. ಅವನು ನಿನ್ನೆ ನಾಲ್ಕೂ ಇಪ್ಪತ್ತಕ್ಕೆ ನನ್ನನ್ನು ಬಾಗಿಲಲ್ಲಿ ಕಂಡು, ಯಾರಿವಳು ಹೊಸಬಳು ಎಂಬಂತೆ ಒಂದು ಗಳಿಗೆ ನೋಡಿ, ಆಮೇಲೆ ಇರುವ ಎರಡೂ ಹಲ್ಲು ತೋರಿಸಿ ನಕ್ಕ. ಇನ್ನು ತಾವು ಪದೇ ಪದೇ ಕೇಳುವ ‘ನೀವು ಇನ್ನೂ ಇದ್ದೀರಾ?’ ಎಂಬ ಪ್ರಶ್ನೆಗೆ ಲಿಖಿತ ಉತ್ತರವನ್ನು ಇದರೊಂದಿಗೆ ಸಲ್ಲಿಸುತ್ತಿದ್ದೇನೆ: ಇದ್ದೇನೆ. ನಾಲ್ಕು ಗಂಟೆಯ ಮೇಲೆ ಕೇಳಿದರೆ, ಇಲ್ಲಿಲ್ಲ. ಏಳುವ ಮೊದಲು ತಾವು ಹೇಳಿದಂತೆಯೇ ಸ್ವಿಚ್ ಆರಿಸಿದ್ದೇನೆ.