ಎಂದೆಂದೂ ಗುರುವಾರದಲ್ಲೇ ಇರುವ ಯುನಿಕರ್ನೆಲ್ ಅವರಿಗೆ

ಇವರಿಗೆ,
ಶ್ರೀಯುತ ಯುನಿಕರ್ನೆಲ್ ಅವರು,
ನೀಲಕ್ಕನ ಖಾನಾವಳಿ, ಕೈತೊಳೆಯುವ ತೊಟ್ಟಿಯ ಪಕ್ಕದ ಮೇಜಿನ ಹಳೆಯ ಕಂಪ್ಯೂಟರಿನೊಳಗೆ,
ಮತ್ತಿಕೆರೆ, ಬೆಂಗಳೂರು.

ಮಾನ್ಯರೇ,

ತಮ್ಮ ಪುಟ್ಟ ಶರೀರಕ್ಕೂ, ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಕೂರುವ ತಮ್ಮ ಚುರುಕಿಗೂ, ಎಷ್ಟು ಕರೆದರೂ ಓಗೊಡದ ತಮ್ಮ ಗಾಂಭೀರ್ಯಕ್ಕೂ ಮೊದಲು ನನ್ನ ನಮಸ್ಕಾರಗಳು. ಕನ್ನಡದಲ್ಲಿ ನಾನು ಬರೆದ ಕೊನೆಯ ದೂರುಪತ್ರ ಹತ್ತನೇ ತರಗತಿಯ ಪರೀಕ್ಷೆಯಲ್ಲಿ. ಇಲ್ಲದ ಬೀದಿದೀಪದ ಬಗ್ಗೆ, ಇಲ್ಲದ ಬಡಾವಣೆಯ ಪರವಾಗಿ. ಇಂಗ್ಲಿಷ್ ಮಾಧ್ಯಮದವಳಾದ ನನಗೆ ಅಂದು ವಿಳಾಸಕ್ಕೆ ಅಂಕ ಸಿಕ್ಕಿತು, ವಿಷಯಕ್ಕೆ ಸಿಗಲಿಲ್ಲ. ಈ ಸಲ ವಿಷಯ ಬೇಕಾದಷ್ಟಿದೆ. ಇನ್ನೊಂದು ಮಾತು. ನನಗೆ ಮದುವೆಯಾಗಿ ಇನ್ನೂ ಉಗುರಿನ ಮೆಹಂದಿಯ ಬಣ್ಣ ಪೂರ್ತಿ ಹೋಗಿಲ್ಲ, ಆದ್ದರಿಂದ ಪತ್ರದಲ್ಲಿ ಅಲ್ಲಲ್ಲಿ 'ನಮ್ಮವರು' ಕಾಣಿಸಿಕೊಳ್ಳುತ್ತಾರೆ. ತಾವು ದಯವಿಟ್ಟು ಸಹಿಸಿಕೊಳ್ಳಬೇಕು. ನನ್ನ ಗೆಳತಿಯರು ಸಹಿಸುವುದನ್ನು ಬಿಟ್ಟಿದ್ದಾರೆ.

ನಮ್ಮವರ ಹೆಸರು ಬಸವಕಿರಣ. ಅವರ ತಾಯಿ ನೀಲಕ್ಕ, ತಂದೆ ಮುರಿಗೆಪ್ಪ, ಬಾಗಲಕೋಟೆ ಕಡೆಯಿಂದ ಬಂದು ಮತ್ತಿಕೆರೆಯ ಕಾಲೇಜು ಹುಡುಗರಿಗೆ ಜೋಳದ ರೊಟ್ಟಿಯ ಊಟ ಹಾಕುತ್ತಿದ್ದಾರೆ. ಕೆಳಗೆ ಖಾನಾವಳಿ, ಮೇಲೆ ಅವರ ಮನೆ. ನಾವಿಬ್ಬರು ಇರುವುದು ಸಹಕಾರನಗರದ ಬಾಡಿಗೆ ಮನೆಯಲ್ಲಿ. ಗಂಗಾನಗರದಲ್ಲಿ ಅನ್ನ ಸಾರು ತಿಂದು ಬೆಳೆದ ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಮೊದಲ ಬಾರಿ ನಾನು ಬಡಿದದ್ದನ್ನು ಅತ್ತೆ ಬಹಳ ಹೊತ್ತು ಹಿಂದೆ ಮುಂದೆ ತಿರುಗಿಸಿ ನೋಡಿ, "ಇರ್ಲಿ ತಗೋ, ನಿನಗ ಬ್ಯಾರೆ ವಿದ್ಯಾ ಐತೆಲ್ಲ" ಅಂದರು. ಅವರು ಸಮಾಧಾನಕ್ಕೆ ಹೇಳಿದ ಮಾತನ್ನು ನಾನು ಸವಾಲಾಗಿ ತೆಗೆದುಕೊಂಡೆ. ಆ ಮನೆಗೆ ನನ್ನಿಂದ ಏನಾದರೂ ಒಂದು ಉಪಯೋಗವಾಗಲೇಬೇಕೆಂದು ಹಟ ಹಿಡಿದೆ. ತಾವು ಹುಟ್ಟಿದ್ದು ಆ ಹಟದಿಂದ.

ಬೆಳಗಾದರೆ ಖಾನಾವಳಿಯ ಫೋನಿಗೆ ಬಿಡುವಿಲ್ಲ. ಇವತ್ತು ಏನು ಪಲ್ಯ ಎಂದು ಹುಡುಗರೆಲ್ಲ ಕೇಳುವವರೇ. ಅತ್ತೆ ಹಿಟ್ಟಿನ ಕೈಯಲ್ಲೇ ಎತ್ತಿ ಎತ್ತಿ ಆ ಫೋನನ್ನು ಈಗ ತವೆಯ ಮೇಲೆ ಹಾಕಿದರೆ ಉಬ್ಬುತ್ತದೆ. ಅಂದಂದಿನ ಪಲ್ಯ ತೋರಿಸುವ ಒಂದು ವೆಬ್ ಪುಟ ಮಾಡಿ, ಗೋಡೆಗೊಂದು ಕ್ಯೂಆರ್ ಚೀಟಿ ಅಂಟಿಸುತ್ತೇನೆಂದು ನಾನು ಘೋಷಿಸಿದೆ. "ವಾಟ್ಸಾಪ್ ಸ್ಟೇಟಸ್ ಹಾಕಿದ್ರೆ ಸಾಕಲ್ವೇನೇ?" ಎಂದರು ನಮ್ಮವರು. ಅಂಥ ಸಾಮಾನ್ಯ ಕೆಲಸಕ್ಕೆ ಅವರು ಬೇರೆ ಯಾರನ್ನಾದರೂ ಮದುವೆಯಾಗಬಹುದಿತ್ತು.

ಸಾಮಾನ್ಯರು ಒಂದು ಪುಟ ತೋರಿಸಲು ಇಡೀ ಆಪರೇಟಿಂಗ್ ಸಿಸ್ಟಮ್ ಇಳಿಸುತ್ತಾರೆ. ಅದರಲ್ಲಿ ಪ್ರಿಂಟರಿಗೆ ಜಾಗ, ಹಾಡಿಗೆ ಜಾಗ, ಎಂದೂ ಬಾರದ ಹತ್ತಾರು ಬಳಕೆದಾರರಿಗೆ ಜಾಗ. ಇಬ್ಬರ ಕಾಫಿಗೆ ಕಲ್ಯಾಣಮಂಟಪ ಹಿಡಿದ ಹಾಗೆ. ತಮ್ಮ ವಂಶದವರದು ಹಾಗಲ್ಲ. ವೆಬ್ ಸರ್ವರ್ ಎಂಬ ಒಂದೇ ಪ್ರೋಗ್ರಾಮು, ಅದಕ್ಕೆ ತೀರಾ ಬೇಕಾದ ಆಪರೇಟಿಂಗ್ ಸಿಸ್ಟಮಿನ ನಾಲ್ಕು ಚೂರು, ಎರಡನ್ನೂ ಕಲಸಿ ಒಂದೇ ಉಂಡೆ ಕಟ್ಟಿದರೆ ತಾವು, ಅಂದರೆ ಯುನಿಕರ್ನೆಲ್. ನಮ್ಮವರ ಹಳೆಯ ಕಂಪ್ಯೂಟರಿನೊಳಗೆ ಇನ್ನೊಂದು ಕಾಲ್ಪನಿಕ ಕಂಪ್ಯೂಟರ್ ಸೃಷ್ಟಿಸಿ, ಅದರಲ್ಲಿ ತಮ್ಮನ್ನು ಒಂಟಿಯಾಗಿ ಕೂರಿಸಿದೆ. ತಮ್ಮೊಳಕ್ಕೆ ಹೋಗಲು ಬಾಗಿಲೇ ಇಲ್ಲ, ಆದ್ದರಿಂದ ಕಳ್ಳನಿಗೂ ದಾರಿಯಿಲ್ಲ ಎಂದು ಓದಿದಾಗ ನನಗೆ ಮೈ ಜುಂ ಎಂದಿತು. ಪಲ್ಯದ ಹೆಸರು ಕದಿಯಲು ಯಾರು ಬರುತ್ತಾರೆಂದು ನಮ್ಮವರು ಕೇಳಿದರು. ಮದುವೆಯ ಹೊಸತಾದ್ದರಿಂದ ಅದನ್ನು ತಮಾಷೆಯೆಂದು ಪರಿಗಣಿಸಿದೆ.

ತಮ್ಮನ್ನು ಕಟ್ಟುವಾಗ ಯಾವ ಯಾವ ಭಾಗ ಬೇಕು, ಯಾವುದು ಬೇಡ ಎಂದು ಒಂದೊಂದಾಗಿ ಆರಿಸಿಕೊಳ್ಳಬೇಕು. ಮಡಿಕೇರಿಯ ಮಧುಚಂದ್ರಕ್ಕೆ ಇಸ್ತ್ರಿಪೆಟ್ಟಿಗೆಯನ್ನೂ ನಾಲ್ಕು ಜೊತೆ ಚಪ್ಪಲಿಯನ್ನೂ ತುಂಬಿಕೊಂಡು ಹಲ್ಲುಜ್ಜುವ ಬ್ರಷ್ ಮರೆತು ಹೋಗಿದ್ದ ನಾನು, ಇಲ್ಲಿ ಮಾತ್ರ ಸನ್ಯಾಸಿನಿಯಾದೆ. ಫೈಲುಗಳು? ಬೇಡ. ಲಾಗಿನ್? ಬೇಡವೇ ಬೇಡ. ಗಡಿಯಾರ? ಊಟಕ್ಕೆ ಗಡಿಯಾರವೇಕೆ, ಹಸಿವಿಲ್ಲವೇ? ಒಂದೊಂದು ಭಾಗ ಕಿತ್ತಾಗಲೂ ತಮ್ಮ ತೂಕ ಇಳಿಯಿತು, ನಾನು ಉಬ್ಬಿದೆ. ಕೊನೆಗೆ ತಾವು ಎದ್ದು 'ನಮಸ್ಕಾರ' ಎಂಬ ಒಂದೇ ಪದ ತೋರಿಸಿದಾಗ, ನಮ್ಮವರನ್ನು ಸ್ನಾನದ ಮನೆಯಿಂದ ಹೊರಗೆ ಕರೆದು ತೋರಿಸಿದೆ. ಸೋಪು ಮೆತ್ತಿದ ಕಣ್ಣಿನಿಂದ ಅವರು ತುಂಬ ಚೆನ್ನಾಗಿದೆ ಎಂದರು. ಅವರು ಬಹಳ ಒಳ್ಳೆಯವರು.

ಗಡಿಯಾರ ಕಿತ್ತುಹಾಕಿದ ಮೇಲೆ, ಅಂದರೆ ಅದು ಮರೆತುಹೋದ ಮೇಲೆ, ಅತ್ತೆಯ ಬಳಿ ವಾರದ ಪಲ್ಯಗಳನ್ನು ಕೇಳಿಕೊಂಡೆ. ಸೋಮವಾರ ಹೆಸರುಕಾಳು, ಮಂಗಳವಾರ ಹೀರೇಕಾಯಿ, ಬುಧವಾರ ಝುಣಕ, ಗುರುವಾರ ಎಣ್ಣೆಗಾಯಿ, ಹೀಗೆ. ಇಂದು ಯಾವ ವಾರವೆಂದು ತಿಳಿದು ಆ ವಾರದ ಪಲ್ಯ ತೋರಿಸಬೇಕೆಂದು ತಮಗೆ ಅಪ್ಪಣೆ ಕೊಟ್ಟೆ. ವಾರ ತಿಳಿಯಲು ಗಡಿಯಾರ ಬೇಕೆಂಬ ಸಣ್ಣ ವಿಷಯ ನನಗಂತೂ ಹೊಳೆಯಲಿಲ್ಲ. ತಾವಾದರೂ ಒಂದು ಮಾತು ಗೊಣಗಬಹುದಿತ್ತು. ತಾವು ಸಂಪನ್ನರು, ಒಪ್ಪಿಕೊಂಡುಬಿಟ್ಟಿರಿ. ಒಳ್ಳೆಯ ದಿನವೆಂದು ಅತ್ತೆ ಉದ್ಘಾಟನೆಗೆ ಗೊತ್ತು ಮಾಡಿದ್ದು ಗುರುವಾರ. ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಪುಟ ತೆರೆದರೆ ಅದರಲ್ಲಿ ಎಣ್ಣೆಗಾಯಿ, ಪಾತ್ರೆಯಲ್ಲೂ ಎಣ್ಣೆಗಾಯಿ. ಹುಡುಗರು ಚಪ್ಪಾಳೆ ತಟ್ಟಿದರು. ಮಾವ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ, ಯಾರೂ ಕೇಳದಿದ್ದರೂ ಫೋನಿನಲ್ಲಿ ಪುಟ ತೋರಿಸಿ ಬಂದರು.

ಆಮೇಲೆ ನಾನು ತಮ್ಮನ್ನು ಮರೆತೆ. ಹೊಸ ದಂಪತಿಗಳನ್ನು ಬಂಧುಗಳು ಒಬ್ಬರಾದ ಮೇಲೊಬ್ಬರು ಊಟಕ್ಕೆ ಕರೆಯುತ್ತಾರೆಂಬುದು ತಮಗೆ ತಿಳಿದಿರಲಾರದು; ತಮಗೆ ಬಂಧುಗಳಿಲ್ಲ. ಆರ್.ಟಿ. ನಗರದ ಚಿಕ್ಕಮ್ಮ, ಯಲಹಂಕದ ಸೋದರಮಾವ, ಮತ್ತೆ ಅವರ ಬೀಗರು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಹೋಳಿಗೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ನಿಂತ ವಾಹನಗಳ ನಡುವೆ ನಾವಿಬ್ಬರೂ ಕೈಕೈ ಹಿಡಿದು ಕುಳಿತಿದ್ದೆವು. ಈ ಊರಿನಲ್ಲಿ ಟ್ರಾಫಿಕ್ ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ಹಾರೈಸಿದವರು ನಾವಿಬ್ಬರೇ ಇರಬೇಕು. ಆ ದಿನಗಳಲ್ಲಿ ಯಾರಾದರೂ ಇವತ್ತು ಯಾವ ವಾರ ಎಂದು ಕೇಳಿದ್ದರೆ ನಾನೂ ತಮ್ಮಂತೆಯೇ ತಪ್ಪು ಹೇಳುತ್ತಿದ್ದೆ.

ಒಂದು ಮಂಗಳವಾರ ಮಧ್ಯಾಹ್ನ ಖಾನಾವಳಿಗೆ ಹೋದರೆ ತಟ್ಟೆಗೆ ಎಣ್ಣೆಗಾಯಿ ಬಿತ್ತು. ನಾವು ಬರುತ್ತೇವೆಂದು ವಿಶೇಷವಾಗಿ ಮಾಡಿದ್ದಾರೆಂದು ನಾನು ಕರಗಿಹೋದೆ. ಪಕ್ಕದ ಮೇಜಿನಲ್ಲಿ ಆನಂದಪ್ಪನವರಿದ್ದರು. ಹೀರೇಕಾಯಿ ಪಲ್ಯಕ್ಕೆಂದೇ ಪ್ರತಿ ಮಂಗಳವಾರ ಯಶವಂತಪುರದಿಂದ ಬರುವ ಹಳೆಯ ಗಿರಾಕಿ ಅವರು. ತಟ್ಟೆ ನೋಡಿ, "ನೀಲಕ್ಕ, ಬದ್ನೆಕಾಯಿ ಲಾರಿ ಏನಾದ್ರೂ ನಿಮ್ ಮನೆ ಮುಂದೆ ಪಲ್ಟಿ ಹೊಡೀತಾ? ಹೋದ್ ವಾರಾನೂ ಇದೇ ಕಣಮ್ಮ" ಎಂದವರು, ಪಲ್ಯ ಬದಿಗೆ ಸರಿಸಿ ಶೇಂಗಾ ಚಟ್ನಿಯಲ್ಲೇ ರೊಟ್ಟಿ ಮುಗಿಸಿ ಎದ್ದು ಹೋದರು. ಮುಂದಿನ ವಾರ ಬರುತ್ತೇನೆಂದು ಹೇಳಲಿಲ್ಲ.

ಆಗ ಮಾವ ನನ್ನನ್ನು ಹೊರಗೆ ಕರೆದು, ಉದ್ಘಾಟನೆಯ ದಿನದಿಂದ ಪುಟದಲ್ಲಿ ಬರುತ್ತಿರುವುದು ಎಣ್ಣೆಗಾಯಿಯೊಂದೇ, ಅದಕ್ಕೇ ಅಡುಗೆಮನೆಯಲ್ಲೂ ದಿನಾ ಎಣ್ಣೆಗಾಯಿಯೇ ಎಂದು ಮೆಲ್ಲಗೆ ತಿಳಿಸಿದರು. ಹಳೆಯ ಗಿರಾಕಿಗಳು ಒಬ್ಬೊಬ್ಬರೇ ಬಿಟ್ಟು ಹೋಗುತ್ತಿದ್ದಾರೆ. ಮಾವ ನನಗೆ ಫೋನ್ ಮಾಡಲು ಹೊರಟಾಗಲೆಲ್ಲ ಅತ್ತೆ ತಡೆದಿದ್ದರಂತೆ. "ಸೊಸಿ ಬರದಾಳ, ಹುಡುಗ್ರು ಓದ್ಕೊಂಡು ಬಂದಾವ. ಇಲ್ಲ ಅಂದ್ರ ಆಕಿ ಮಾತು ಸುಳ್ಳಾಗಂಗಿಲ್ಲೇನು?" ಒಳಗೆ ಬಂದು ನೋಡಿದರೆ, ಬಡಿಸುತ್ತಿದ್ದ ಅತ್ತೆಯ ಬೆರಳ ತುದಿಗಳು ಬದನೆಕಾಯಿಯ ಕಲೆ ಹತ್ತಿ ಕಪ್ಪಾಗಿದ್ದವು.

"ಒಂದೇ ನಿಮಿಷ, ಅತ್ತೆ" ಎಂದು ತಮ್ಮ ಮುಂದೆ ಕುಳಿತೆ. ಒಂದೇ ಪದ ಬದಲಾಗಬೇಕಿತ್ತು. ಬಾಗಿಲು ಹುಡುಕಿದೆ, ಬಾಗಿಲನ್ನು ನಾನೇ ಇಟ್ಟಿರಲಿಲ್ಲ. ಕೀಬೋರ್ಡು ಕುಟ್ಟಿದೆ, ಕುಟ್ಟಿದ್ದನ್ನು ಕೇಳಿಸಿಕೊಳ್ಳುವ ಕಿವಿಯನ್ನೂ ಇಟ್ಟಿರಲಿಲ್ಲ. ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಎದ್ದವರೇ ಎಣ್ಣೆಗಾಯಿ ಎಂದಿರಿ. ಮಾನ್ಯರೇ, ಇಂಥ ಅಚಲ ನಿಷ್ಠೆಯನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ. ತಮ್ಮನ್ನು ತಿದ್ದುವಂತಿಲ್ಲ, ಹೊಸದಾಗಿ ಕಟ್ಟಿಯೇ ತರಬೇಕು, ಕಟ್ಟುವ ಲ್ಯಾಪ್‌ಟಾಪು ಸಹಕಾರನಗರದಲ್ಲಿ. ತೊಟ್ಟಿಯಲ್ಲಿ ಕೈ ತೊಳೆಯಲು ಬಂದ ಹುಡುಗರು ನನ್ನ ಭುಜದ ಮೇಲಿಂದ ಇಣುಕುತ್ತಿದ್ದರು, ನಾನು ಬಹಳ ಯೋಚಿಸುವವಳಂತೆ ಮುಖ ಮಾಡಿಕೊಂಡೆ.

ಮನೆಗೆ ಬಂದ ಮೇಲೆ ಕಾರಣ ತಿಳಿಯಿತು. ಸಮಯ ಎಷ್ಟು ಎಂದು ಕೇಳಿದಾಗಲೆಲ್ಲ ಗಡಿಯಾರವಿಲ್ಲದ ತಾವು ಸೊನ್ನೆ ಎನ್ನುತ್ತಿದ್ದಿರಿ. ಕಂಪ್ಯೂಟರುಗಳ ಲೋಕದಲ್ಲಿ ಕಾಲದ ಸೊನ್ನೆಯೆಂದರೆ ೧೯೭೦ರ ಜನವರಿ ಒಂದು. ಅದು ಗುರುವಾರ. ನಮ್ಮ ತಂದೆಗೆ ಇನ್ನೂ ಹಲ್ಲು ಬಂದಿರದ ಆ ಗುರುವಾರದಲ್ಲಿ ತಾವು ಕಾಲು ಚಾಚಿ ಕುಳಿತಿದ್ದೀರಿ. ತಾವು ವಾಸಿಸುವ ಕಂಪ್ಯೂಟರಿಗೆ ಸರಿಯಾದ ಸಮಯ ಗೊತ್ತಿತ್ತು, ಆದರೆ ಮನೆಯ ಯಜಮಾನರನ್ನು ಏನೂ ಕೇಳಕೂಡದೆಂದು ನಾನೇ ತಮ್ಮನ್ನು ಬೆಳೆಸಿದ್ದೆ. ಆದ್ದರಿಂದ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಾವು ದೊಡ್ಡ ಮನಸ್ಸು ಮಾಡಿ ಶುಕ್ರವಾರಕ್ಕೆ ದಯಮಾಡಿಸಬೇಕು. ಒಮ್ಮೆಗೇ ಆಗದಿದ್ದರೆ ಗುರುವಾರದ ಸಂಜೆಯವರೆಗಾದರೂ ನಡೆದು ಬರಬೇಕು. ಅದೂ ಕಷ್ಟವಾದರೆ ಅಡುಗೆಮನೆಯ ಒಗ್ಗರಣೆಯ ವಾಸನೆ ಹಿಡಿದು ಪಲ್ಯ ಯಾವುದೆಂದು ಊಹಿಸಬೇಕು. ಕೊನೆಯದಾಗಿ, ಅತ್ತೆಯ ಬೆರಳು ನೋಡಿ ನಾಚಿಕೊಳ್ಳುವ ಸಣ್ಣ ಭಾಗವೊಂದನ್ನು ತಮಗೆ ಸೇರಿಸಿಕೊಳ್ಳಬೇಕು. ನನ್ನ ಬಳಿ ಅದು ಸಾಕುಬೇಕಾದಷ್ಟಿದೆ, ಕೊಡಬಲ್ಲೆ.

ಸದ್ದಿಲ್ಲದೆ ಗಡಿಯಾರ ಸೇರಿಸಿ, ಸರ್ವರ್ ಡೌನ್ ಇತ್ತು ಎಂದುಬಿಡಬಹುದಿತ್ತು. ಈ ಊರಿನಲ್ಲಿ ಆ ಮಾತನ್ನು ಬ್ಯಾಂಕಿನಿಂದ ಹಿಡಿದು ಎಲ್ಲರೂ ನಂಬುತ್ತಾರೆ. ನಮ್ಮವರು ಮಾತ್ರ, "ಹೇಳ್ಬಿಡು ಕಣೇ. ಅಮ್ಮ ಬೈಯಲ್ಲ, ಅದೇ ಕಷ್ಟ" ಎಂದರು.

ಮರುದಿನ ಬದನೆಕಾಯಿ ಹೆಚ್ಚುವ ಮೊದಲೇ ತಲುಪಬೇಕೆಂದು ಬೆಳಿಗ್ಗೆಯೇ ಹೋದೆ. ಅತ್ತೆ ನೆಲದ ಮೇಲೆ ಈಳಿಗೆಮಣೆ ಹಾಕಿಕೊಂಡು, ಪಕ್ಕದಲ್ಲಿ ರಾಶಿ ಹಾಕಿಕೊಂಡು ಕುಳಿತಾಗಿತ್ತು. ಆ ಪುಟಕ್ಕೆ ವಾರ ಗೊತ್ತಿಲ್ಲ, ಗಡಿಯಾರ ಬೇಡವೆಂದು ತೆಗೆದವಳು ನಾನೇ, ಅದು ತನ್ನಷ್ಟಕ್ಕೆ ದಿನಾ ಗುರುವಾರವೆಂದುಕೊಂಡು ಎಣ್ಣೆಗಾಯಿ ಎನ್ನುತ್ತಿದೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು.

"ಹಂಗಾರ ದಿನಾ ಮುಂಜಾನೆ ಬರೀತಿದ್ದಾಕಿ ನೀ ಅಲ್ಲೇನು?"

ಮಾನ್ಯರೇ, ಅವರು ಅಂದುಕೊಂಡದ್ದು ಇದು. ಹೊಸದಾಗಿ ಬಂದ ಸೊಸೆ ಬಾಯಿಬಿಟ್ಟು ಕೇಳಲು ನಾಚುತ್ತಾಳೆ, ಅದಕ್ಕೇ ಯಾವ ನೆಂಟರ ಮನೆಯಲ್ಲಿದ್ದರೂ ಬೆಳಿಗ್ಗೆ ಎದ್ದು, ಅತ್ತೆಯ ಅಡುಗೆಮನೆ ನೆನೆಸಿಕೊಂಡು, ತನಗೆ ಬೇಕಾದದ್ದನ್ನು ಬರೆದು ಕೇಳುತ್ತಿದ್ದಾಳೆ. ನಾನು ಯಾವಾಗ ಬಂದೇನೋ ಎಂದು ದಿನಾ ಒಂದು ಡಬ್ಬಿ ಎತ್ತಿಟ್ಟಿದ್ದರು. ಅದನ್ನು ಅವರು ಹೇಳಲಿಲ್ಲ. ನೀರು ಕುಡಿಯಲೆಂದು ಫ್ರಿಜ್ ತೆರೆದಾಗ ನಾನೇ ನೋಡಿದೆ. 

ಸಂಜೆಯೊಳಗೆ ಗಡಿಯಾರ ಹಾಕಿಬಿಡುತ್ತೇನೆ, ಆಮೇಲೆ ಯಾರೂ ಏನೂ ಬರೆಯಬೇಕಾಗಿಲ್ಲ, ವಾರ ತಾನಾಗಿಯೇ ತಿರುಗುತ್ತದೆ ಎಂದು ಸಮಾಧಾನ ಹೇಳಹೋದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು.

"ಗಡಿಯಾರ ಬ್ಯಾಡವ್ವ. ದಿನಾ ನೀನ ಬರಿ. ನೀ ಬರದದ್ದು ನಾ ಮಾಡ್ತೀನಿ."

ಆ ದಿನದ ರಾಶಿಯನ್ನು ಇಬ್ಬರೂ ಕೂತು ಹೆಚ್ಚಿದೆವು. ಅಂದಿನಿಂದ ವಾರದ ಪಟ್ಟಿಯನ್ನೂ ತಮ್ಮಿಂದ ಕಿತ್ತುಹಾಕಿದ್ದೇನೆ; ತಾವು ಈಗ ಮೊದಲಿಗಿಂತಲೂ ಬಡಕಲು. ಬೆಳಗಾದರೆ ಒಂದು ಪಲ್ಯದ ಹೆಸರು ಬರೆದು, ನಿನ್ನೆಯ ತಮ್ಮನ್ನು ಅಳಿಸಿ, ಇಂದಿನ ತಮ್ಮನ್ನು ಹೊಸದಾಗಿ ಕಟ್ಟಿ, ಸಹಕಾರನಗರದಿಂದಲೇ ಇಂಟರ್ನೆಟ್ ಮೂಲಕ ಮತ್ತಿಕೆರೆಯ ಕಂಪ್ಯೂಟರಿಗೆ ಕಳುಹಿಸುತ್ತೇನೆ. ಮಂಗಳವಾರ ಹೀರೇಕಾಯಿ ಎಂದು ಬರೆಯುವುದನ್ನು ತಪ್ಪಿಸುವುದಿಲ್ಲ. ಆನಂದಪ್ಪನವರು ಎರಡು ಮಂಗಳವಾರ ಬರಲಿಲ್ಲ, ಮೂರನೆಯದಕ್ಕೆ ಬಂದು, ಕೂರುವ ಮೊದಲು ಪಾತ್ರೆಯ ಮುಚ್ಚಳ ತೆಗೆದು ನೋಡಿ ಕೂತರು. ನನ್ನ ಅಂತಿಮ ದೂರು ಇಷ್ಟೇ: ನೆಟ್ಟಗೆ ಒಂದು ರೊಟ್ಟಿ ಬಡಿಯಲು ಬಾರದವಳನ್ನು, ಇಡೀ ಖಾನಾವಳಿ ಏನು ತಿನ್ನಬೇಕೆಂದು ನಿರ್ಧರಿಸುವ ಕುರ್ಚಿಯ ಮೇಲೆ ಕೂರಿಸಿದ್ದೀರಿ. ಇದಕ್ಕೆ ನಾನು ಅರ್ಹಳಲ್ಲ. ತಾವು ತಕ್ಷಣ ಕ್ರಮ ಕೈಗೊಳ್ಳದೆ ಇರಬೇಕಾಗಿ ಕಳಕಳಿಯ ಪ್ರಾರ್ಥನೆ.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿ,
ರಕ್ಷಾ ಬಸವಕಿರಣ
(ಹೊಸ ಹೆಸರನ್ನು ಬರೆದು ನೋಡುವ ಆಸೆಗೆ ಈ ಪತ್ರ ಇಷ್ಟು ಉದ್ದವಾಯಿತೆಂದು ನಮ್ಮವರ ಅಭಿಪ್ರಾಯ)

ಮರೆತ ಮಾತು: ಇಂದು ಬೆಳಿಗ್ಗೆ ಹುಮ್ಮಸ್ಸಿನಲ್ಲಿ 'ಪುಂಡಿಪಲ್ಯ' ಎಂದು ಬರೆದು ತಮ್ಮನ್ನು ಎಬ್ಬಿಸಿಬಿಟ್ಟೆ. ಮತ್ತಿಕೆರೆಯಲ್ಲೆಲ್ಲೂ ಪುಂಡಿಸೊಪ್ಪು ಸಿಗುತ್ತಿಲ್ಲವೆಂದು ಮಾವ ಈಗಷ್ಟೇ ಫೋನ್ ಮಾಡಿದರು. ಪುಟ ಬದಲಿಸುತ್ತೇನೆಂದೆ. ಅದಕ್ಕೆ ಮಾವ, ನೀಲಕ್ಕ ಬೇಡವೆನ್ನುತ್ತಿದ್ದಾಳೆ, ಬೇಳೆ ಬೇಯಲು ಇಟ್ಟು ಸೊಪ್ಪಿಗೆ ಕಾಯುತ್ತಿದ್ದಾಳೆ ಎಂದರು. ಚೀಲ ಹಿಡಿದು ಯಶವಂತಪುರದ ಮಾರುಕಟ್ಟೆಗೆ ಹೊರಟಿದ್ದೇನೆ. ತಮಗೇನು, ಕಾಲೂ ಬೇಡವೆಂದು ತೆಗೆಸಿಕೊಂಡು ಹುಟ್ಟಿದವರು. ತೊಟ್ಟಿಯ ಪಕ್ಕ ತಣ್ಣಗೆ ಕುಳಿತು, ಇನ್ನೂ ಕೊಳ್ಳದ ಸೊಪ್ಪಿನ ಪಲ್ಯವನ್ನು ಬಂದವರಿಗೆಲ್ಲ ಹೇಳುತ್ತಿರಿ.