ಅಕ್ಕನ ಮೂರು ಶೀಷೆಗಳಿಗೆ ನಾನು ಕಾವಲು

ನಮ್ಮ ಅಕ್ಕ ಮನುಷ್ಯರಿಗಿಂತ ಮೊಲಗಳಿಗೇ ಹೆಚ್ಚು ಮರ್ಯಾದೆ ಕೊಡುತ್ತಾಳೆ. ಸುಳ್ಳಲ್ಲ. ಸೂಜಿ ಚುಚ್ಚುವ ಮುನ್ನ ಮೊಲದ ಹಣೆಗೆ ವಿಭೂತಿ ಹಚ್ಚುವ ವಿಜ್ಞಾನಿಯನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ?

ದೊಡ್ಡನೆಕ್ಕುಂದಿಯ ಸಣ್ಣ ಕಂಪನಿಯೊಂದರಲ್ಲಿ ಅವಳ ಕೆಲಸ. ಮಿದುಳಿನ ಜೀವಕೋಶದ ಪೊರೆಯಲ್ಲಿರುವ ಯಾವುದೋ ಪ್ರೋಟೀನನ್ನು ಮೊಲಕ್ಕೆ ಚುಚ್ಚುವುದು, ಅದರ ವಿರುದ್ಧ ಮೊಲದ ರಕ್ತದಲ್ಲಿ ಹುಟ್ಟುವ ಆ್ಯಂಟಿಬಾಡಿಯನ್ನು ಸೋಸಿ ತೆಗೆಯುವುದು. ಸಂಶೋಧಕರು ಅದನ್ನು ಮಿದುಳಿನ ತೆಳುಚೂರಿನ ಮೇಲೆ ಹಾಕಿದರೆ, ಆ ಪ್ರೋಟೀನ್ ಇದ್ದಲ್ಲಿಗೇ ಹೋಗಿ ಅಂಟಿಕೊಂಡು ಕಂದು ಬಣ್ಣ ತೋರಿಸುತ್ತದಂತೆ.

“ಅಕಸ್ಮಾತ್ ನನ್ನ ತಲೆಗೆ ಹೋದ್ರೆ?” ಎಂದು ಕೇಳಿದ್ದೆ.

“ಅಂಟ್ಕೊಳ್ಳೋಕೆ ಅಲ್ಲಿ ಏನಾದ್ರೂ ಇರ್ಬೇಕಲ್ಲೋ?”

ಒಂದು ಬೆಳಿಗ್ಗೆ ಕಂಪನಿಯ ಫ್ರಿಜ್ ಕೆಟ್ಟಿತೆಂದು ಅಕ್ಕ ಮೂರು ಪುಟ್ಟ ಶೀಷೆ ತಂದು, ಕುಂದಲಹಳ್ಳಿಯ ನಮ್ಮನೆ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟಳು.

“ವರ್ಷದ ಕೆಲಸ ಕಣೋ. ಆ ಮೊಲನೂ ಸತ್ತೋಯ್ತು. ಸಂಜೆ ಇದನ್ನ ಕೊಡ್ದಿದ್ರೆ ನನ್ನ ಕೆಲ್ಸ ಹೋಗುತ್ತೆ. ತಣ್ಣಗಿರ್ಲಿ, ಅಷ್ಟೇ.”

ಅಷ್ಟೇ ಅಂತೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮೂರು ಸಲ ವಾಪಸ್ ಬರುವ ಮನುಷ್ಯ ನಾನು. ಆಫೀಸಿಗೆ ರಜೆ ಹಾಕಿ, ಫ್ರಿಜ್ಜಿನೆದುರು ಕುರ್ಚಿ ಎಳೆದುಕೊಂಡು ಕೂತೆ. ಹನ್ನೊಂದಕ್ಕೆ ಕರೆಂಟ್ ಹೋಯಿತು. ಹನ್ನೆರಡಾದರೂ ಬರಲಿಲ್ಲ. ಬಾಗಿಲು ತೆರೆದು ನೋಡಿದೆ. ತಂಪೆಲ್ಲ ಹೊರಗೆ ಹೋಯಿತೇನೋ ಎಂದು ಹೆದರಿ ಮುಚ್ಚಿದೆ. ಸರಿಯಾಗಿ ಮುಚ್ಚಿದೆನೇ ಎಂದು ಮತ್ತೆ ತೆರೆದೆ.

ಅಷ್ಟರಲ್ಲಿ ಬೀದಿಯಲ್ಲಿ ಕುಲ್ಫಿ ಗಾಡಿಯ ಗಂಟೆ. ಬನಿಯನ್ನಿನಲ್ಲೇ ಓಡಿದೆ. ನನ್ನ ಗೋಳು ಕೇಳಿದ ಕುಲ್ಫಿಯವನು ಐಸಿನ ಜೊತೆ ಒಂದು ಹಿಡಿ ಕಲ್ಲುಪ್ಪನ್ನೂ ಕೊಟ್ಟ.

“ಉಪ್ಪು ಹಾಕಿ ಸಾರ್, ಸಕ್ಕತ್ ತಣ್ಣಗಾಗುತ್ತೆ.”

ಧೈರ್ಯಕ್ಕಿರಲಿ ಎಂದು ಇನ್ನೆರಡು ಹಿಡಿ ನಾನೇ ಸೇರಿಸಿ, ಶೀಷೆಗಳನ್ನು ಅದರಲ್ಲಿ ಹೂತಿಟ್ಟೆ.

ನಾಲ್ಕಕ್ಕೆ ಬಂದ ಅಕ್ಕ ಒಂದು ಶೀಷೆ ಎತ್ತಿ ಅಲ್ಲಾಡಿಸಿದಳು. ಒಳಗಿನದು ಅಲ್ಲಾಡಲಿಲ್ಲ. ಥೇಟ್ ಕುಲ್ಫಿ.

“ತಣ್ಣಗಿರ್ಲಿ ಅಂದಿದ್ಯಲ್ಲಾ...” ಎಂದೆ.

“ಬಣ್ಣ ತೋರಿಸೋಕೆ ಇದಕ್ಕೊಂದು ಕಿಣ್ವ ಅಂಟಿಸಿದ್ದೆ ಕಣೋ. ಹೆಪ್ಪುಗಟ್ಟಿದ್ರೆ ಅದು ಸತ್ತಂಗೇ.”

ಅವಳು ಹೋಗಿ ತನ್ನ ಸಾಹೇಬರಿಗೆ ಫೋನ್ ಮಾಡಿದಳು. ನನ್ನ ಹೆಸರು ಹೇಳಿದರೇನು ಗತಿ ಎಂದು ಹೆದರಿದೆ. ಹೇಳದಿದ್ದರೆ ಅವಳ ಗತಿಯೇನು ಎಂದೂ ಹೆದರಿದೆ.

“ಸಾರ್, ಮೂರೂ ಹಾಳಾಯ್ತು. ನಾನೇ ಮರ್ತು ಫ್ರೀಜರ್‌ನಲ್ಲಿ ಇಟ್ಬಿಟ್ಟೆ.”

ಆ ಕಡೆಯ ಬೈಗುಳ ನನ್ನವರೆಗೂ ಕೇಳುತ್ತಿತ್ತು. ಅಕ್ಕ ರಿಸೀವರಿಗೆ ಅಂಗೈ ಅಡ್ಡ ಹಿಡಿದು ನನ್ನತ್ತ ತಿರುಗಿದಳು.

“ಕಾಲು ನಡುಗ್ತಿದೆ ಕಣೋ ನಿಂಗೆ. ಕೂತ್ಕೋ. ಮಧ್ಯಾಹ್ನ ಊಟ ಮಾಡಿದ್ಯೋ ಇಲ್ವೋ?”