ಮುಖವಿಲ್ಲದ ದೊರೆ: ಹನ್ನೊಂದು ಗಂಟೆಯ ಘೋಷಣೆ

ಶಂಕರಪುರದಲ್ಲಿ ಮಲ್ಲಿಗೆಯ ದರವನ್ನು ಪ್ರತಿದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೂವಿನ ವ್ಯಾಪಾರದ ಕಟ್ಟೆಯಲ್ಲಿ ಘೋಷಿಸಲಾಗುತ್ತದೆ; ಘೋಷಿಸಿದ ಮೇಲೆ ಯಾರೂ ಪ್ರಶ್ನಿಸುವುದಿಲ್ಲ. ಕಳೆದ ಜೂನ್ ತಿಂಗಳಿನಿಂದ ಅದೇ ಕಟ್ಟೆಯಲ್ಲಿ, ಅದೇ ಗಂಟೆಗೆ, ಮುಖವಿಲ್ಲದ ದೊರೆ ಯಾರೆಂಬುದನ್ನೂ ಘೋಷಿಸಲಾಗುತ್ತಿದೆ.

ಮುಖವಿಲ್ಲದ ದೊರೆ ಎಂದರೆ ‘ಏಳು ಹೊಳೆಯ ರಾಜ್ಯ’ ಎಂಬ ಮಾಯಾಲೋಕದ ಕಾದಂಬರಿಯ ಖಳ. ಮೂರು ಸಂಪುಟ ಮುಗಿದರೂ ಕಬ್ಬಿಣದ ಮುಖವಾಡ ತೆಗೆದವನಲ್ಲ. ಬರೆದವರು ನಿವೃತ್ತ ಶಿಕ್ಷಕಿ ಇಮೆಲ್ಡಾ. ಬೆಳಿಗ್ಗೆ ಮಲ್ಲಿಗೆ ಕಟ್ಟಿ ಕಳಿಸಿ, ಮಧ್ಯಾಹ್ನ ರಾಜ್ಯಗಳನ್ನು ಸುಡುವುದು ಅವರ ದಿನಚರಿ. ದೊರೆ ಯಾರೆಂದು ಅವರಿಗೆ ಮೊದಲೇ ಗೊತ್ತಿತ್ತು. ಒಂದನೇ ಸಂಪುಟದಲ್ಲಿ ಎಲ್ಲರನ್ನೂ ಹೊಳೆ ದಾಟಿಸಿ ಮರೆಯಾಗುವ ಅಂಬಿಗನೇ ಅವನು. ‘ಇಷ್ಟು ಜನರನ್ನು ದಾಟಿಸಿದವನ ಹೆಸರನ್ನು ಒಬ್ಬರೂ ಕೇಳಲಿಲ್ಲ’ ಎಂಬ ಕೊನೆಯ ವಾಕ್ಯವನ್ನು ಅವರು ಎಲ್ಲಕ್ಕಿಂತ ಮೊದಲು ಬರೆದಿದ್ದರು. ಉಳಿದ ಸಾವಿರದ ಇನ್ನೂರು ಪುಟ ಆ ವಾಕ್ಯಕ್ಕಾಗಿಯೇ ಹುಟ್ಟಿದ್ದು.

ಆದರೆ ಓದುಗರು ಅಷ್ಟು ಕಾಯುವವರಲ್ಲ. ದೊರೆ ರಾಜನ ತಮ್ಮನೇ ಎಂದು ಕಾಪುವಿನ ಮೀನು ಮಾರುಕಟ್ಟೆ ತೀರ್ಮಾನಿಸಿತು. ಅಲ್ಲ, ಮುದುಕನಾಗಿ ಹಿಂದಿನ ಕಾಲಕ್ಕೆ ಮರಳಿದ ರಾಜಕುಮಾರನೇ ಎಂದು ಮಣಿಪಾಲದ ಹಾಸ್ಟೆಲುಗಳು ನಕ್ಷೆ ಸಮೇತ ಸಾಧಿಸಿದವು. ಡ್ರೈವರನದು ಒಂದು ವಾದ, ಕಂಡಕ್ಟರನದು ಇನ್ನೊಂದು ಆದ್ದರಿಂದ ಕಾರ್ಕಳದ ಬಸ್ಸೊಂದು ಬಜಗೋಳಿಯಲ್ಲಿ ಮುಕ್ಕಾಲು ಗಂಟೆ ನಿಂತಿತು. ಹುಡುಗನ ಕಡೆಯವರು ಅರಮನೆಯ ಅಡುಗೆಭಟ್ಟನನ್ನು ಶಂಕಿಸುವವರು ಎಂದು ತಿಳಿದು ಎಲ್ಲೂರಿನಲ್ಲಿ ಒಂದು ನಿಶ್ಚಿತಾರ್ಥವೇ ಮುರಿಯಿತು.

ಸಾರ್ವಜನಿಕ ಶಾಂತಿಯ ದೃಷ್ಟಿಯಿಂದ ವಿಷಯವನ್ನು ಗುಣಪಾಲರಿಗೆ ಒಪ್ಪಿಸಲಾಯಿತು. ಅವರು ಇಪ್ಪತ್ತೆರಡು ವರ್ಷಗಳಿಂದ ಮಲ್ಲಿಗೆಯ ದರ ಕೂಗುವವರು. ಕಾದಂಬರಿಯನ್ನು ಓದಿರಲಿಲ್ಲ, ಇದನ್ನು ನಿಷ್ಪಕ್ಷಪಾತದ ಗುರುತೆಂದು ಪರಿಗಣಿಸಲಾಯಿತು. ಹೂವಿನಂತೆಯೇ ಊಹೆಗಳ ಆವಕ ಮತ್ತು ಬೇಡಿಕೆ ನೋಡಿ ಅವರು ಆ ದಿನದ ದೊರೆಯನ್ನು ನಿರ್ಧರಿಸತೊಡಗಿದರು. ಜಗಳಗಳು ನಿಂತವು. ಎಲ್ಲೂರಿನ ನಿಶ್ಚಿತಾರ್ಥ, ಅಡುಗೆಭಟ್ಟ ದೊರೆಯಾಗಿದ್ದ ಒಂದು ಗುರುವಾರ, ಮತ್ತೆ ಕೂಡಿ ಬಂತು.

ನಾಲ್ಕನೇ ಸಂಪುಟದ ಹಸ್ತಪ್ರತಿ ಹಿಡಿದುಕೊಂಡು ಇಮೆಲ್ಡಾ ಕಟ್ಟೆಗೆ ಹೋದರು.

“ಗುಣಪಾಲಣ್ಣ, ದೊರೆ ಯಾರೂಂತ ನನಗೆ ಗೊತ್ತುಂಟು.”

“ಎಲ್ಲರೂ ಹಾಗೆಯೇ ಹೇಳುವುದು ಟೀಚರೇ. ಫಾರಂ ತುಂಬಿಸಿ.”

“ಬರೆದದ್ದು ನಾನು ಮಾರಾಯ್ರೆ! ದೊರೆ ಆ ಅಂಬಿಗನೇ!”

“ಅದೇ ತೊಂದರೆ,” ಎಂದರು ಗುಣಪಾಲರು ಮರುಕದಿಂದ. “ನಿಯಮ ಏಳು: ಬೆಳೆದವರು ದರ ಹೇಳುವಂತಿಲ್ಲ. ನಿಮ್ಮ ಗಿಡದ ಹೂವಿಗೆ ಇಷ್ಟು ವರ್ಷದಲ್ಲಿ ಒಂದು ದಿನವಾದರೂ ನೀವು ದರ ಹೇಳಿದ್ದುಂಟಾ?”

ಇಮೆಲ್ಡಾ ಯೋಚಿಸಿದರು. ಹೇಳಿದ್ದಿರಲಿಲ್ಲ. ಹೇಳಬಹುದೆಂದು ಹೊಳೆದದ್ದೂ ಇಲ್ಲ.

“ಹೆತ್ತವರಿಗೆ ಹೆಗ್ಗಣ ಮುದ್ದು, ಅಲ್ವಾ?” ಎಂದು ಗುಣಪಾಲರು ಸಮಾಧಾನ ಹೇಳಿದರು. “ನಿಮ್ಮ ಅಂಬಿಗನನ್ನೂ ಒಂದು ಊಹೆ ಅಂತ ಸೇರಿಸುವ. ಇನ್ನೂರ ಹದಿನಾಲ್ಕನೆಯದು. ಬರೆದವರಲ್ಲದ ಇಬ್ಬರ ಸಹಿ ಬೇಕು.”

ಒಂದು ಸಹಿಯನ್ನು ಪಕ್ಕದ ಮನೆಯ ನಳಿನಾಕ್ಷಿ ಹಾಕಿದಳು. “ನಿಮ್ಮ ಮುಖ ನೋಡಿ ಹಾಕುವುದು ಟೀಚರ್,” ಎಂದಳು. “ನನಗೆ ಸಂಶಯ ಇರುವುದು ಅಡುಗೆಭಟ್ಟನ ಮೇಲೆಯೇ.” ಇನ್ನೊಂದನ್ನು ಅವಳ ಗಂಡ, ಯಾವ ಕಾಗದ ಎಂದು ಕೇಳದೆ ಹಾಕಿದ.

ಊರು ಹೇಗಾದರೂ ಹೇಳಲಿ, ಪುಸ್ತಕದಲ್ಲಿ ಅಚ್ಚಾದರೆ ಸಾಕೆಂದು ಇಮೆಲ್ಡಾ ಮಣಿಪಾಲಕ್ಕೆ ಹೋಗಿ ಪ್ರಕಾಶಕ ರಾಯ್‌ಸ್ಟನ್‌ನನ್ನು ಹಿಡಿದರು. ಅವನು ಕೊನೆಯ ಪುಟ ಓದಿ ಕಣ್ಣೊರೆಸಿಕೊಂಡ.

“ಎಂತ ಚಂದ ಬರೆದಿದ್ದೀರಿ ಟೀಚರ್! ಆದರೆ ಕಟ್ಟೆಗೆ ವಿರುದ್ಧವಾಗಿ ಅಚ್ಚು ಹಾಕಿದರೆ ಜನ ಮುದ್ರಣದೋಷ ಅಂತ ವಾಪಸು ತರ್ತಾರೆ.”

ಹೀಗಾಗಿ ನಾಲ್ಕನೇ ಸಂಪುಟ ಹೊರಬಂದಾಗ ಅದರ ಕೊನೆಯ ಪುಟದಲ್ಲಿದ್ದುದು ಇಷ್ಟೇ: ‘ಮುಖವಾಡ ಕಳಚಿ ಬಿತ್ತು. ಒಳಗಿದ್ದವನು ……………’ ಕೆಳಗೆ ಸಣ್ಣ ಅಕ್ಷರದಲ್ಲಿ ಸೂಚನೆ: ‘ಓದುಗರು ಆಯಾ ದಿನದ ಘೋಷಣೆಯಂತೆ ಬಿಟ್ಟ ಸ್ಥಳ ತುಂಬತಕ್ಕದ್ದು. ಪೆನ್ನು ಬಳಸತಕ್ಕದ್ದಲ್ಲ.’ ಪ್ರತಿಯೊಂದು ಪುಸ್ತಕದ ಜೊತೆ ಒಂದು ಪೆನ್ಸಿಲ್, ಒಂದು ರಬ್ಬರ್ ಉಚಿತ.

ಅಂಬಿಗನ ವಾಕ್ಯ ಎಲ್ಲಿಯೂ ಇರಲಿಲ್ಲ. ಇಮೆಲ್ಡಾ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಅತ್ತರು. ಪೆನ್ಸಿಲಿನ ಗುಣಮಟ್ಟ ಮಾತ್ರ ಚೆನ್ನಾಗಿತ್ತು ಎಂಬುದನ್ನು ಇಲ್ಲಿ ದಾಖಲಿಸಬೇಕು.

ಆಗಸ್ಟಿನಲ್ಲಿ ಮಳೆ ಜಡಿಯಿತು. ಹೂವಿನ ಆವಕ ಕುಸಿಯಿತು, ಊಹೆಗಳದ್ದೂ. ಹಾಸ್ಟೆಲುಗಳಲ್ಲಿ ಪರೀಕ್ಷೆ, ಕಾಪುವಿನಲ್ಲಿ ಜ್ವರ. ಒಂದು ಮಂಗಳವಾರ ಹನ್ನೊಂದಕ್ಕೆ ಗುಣಪಾಲರು ಮೈಕು ಹಿಡಿದು, ಬೇರೇನೂ ಬಾರದ ಕಾರಣ, ಇಂದಿನ ದೊರೆ ಅಂಬಿಗ ಎಂದರು.

ಇಮೆಲ್ಡಾ ಕೂಡಲೇ ಪುಸ್ತಕ ತೆರೆದರು. ಬಿಟ್ಟ ಸ್ಥಳದಲ್ಲಿ ‘ಅಂಬಿಗ’ ಎಂದು ಒತ್ತಿ ಬರೆದು, ಅಂಚಿನಲ್ಲಿ ಆ ವಾಕ್ಯವನ್ನೂ ಸೇರಿಸಿದರು. ಮನೆಮನೆಗಳಲ್ಲಿ ಇಂದು ತಮ್ಮ ಕಥೆಯೇ ಓದಲ್ಪಡುತ್ತಿದೆ ಎಂದು ಹಿಗ್ಗಿ ನಳಿನಾಕ್ಷಿಗೆ ಪಾಯಸ ಕಳಿಸಿದರು.

“ಪಾಯಸ ಚೆನ್ನಾಗಿತ್ತು ಟೀಚರ್,” ಎಂದಳು ನಳಿನಾಕ್ಷಿ ಸಂಜೆ ಪಾತ್ರೆ ಮರಳಿಸುತ್ತಾ. “ಇವತ್ತಿನ ದೊರೆ ಮಾತ್ರ ಸ್ವಲ್ಪ ಸಪ್ಪೆ. ಪರವಾಗಿಲ್ಲ, ನಾಳೆ ಬೇರೆ ಬರ್ತದೆ.”

ಮರುದಿನ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಇಮೆಲ್ಡಾ ಕಟ್ಟೆಗೆ ಫೋನು ಮಾಡಿದರು.

“ಇವತ್ತು ಯಾರು ಗುಣಪಾಲಣ್ಣ?”

“ಅಡುಗೆಭಟ್ಟ ಟೀಚರೇ. ಬೇಡಿಕೆ ಉಂಟು.”

“ಹೌದಾ, ಆಗಲಿ,” ಎಂದು ಅವರು ರಬ್ಬರ್ ತೆಗೆದುಕೊಂಡರು. ಒತ್ತಿ ಬರೆದದ್ದರಿಂದ ಅಂಬಿಗ ಪೂರ್ತಿ ಅಳಿಯಲಿಲ್ಲ. ಅವನ ಮೇಲೆಯೇ, ಮಕ್ಕಳಿಗೆ ಕಲಿಸುತ್ತಿದ್ದ ಅದೇ ದುಂಡಗಿನ ಅಕ್ಷರದಲ್ಲಿ, ಅವರು ‘ಅಡುಗೆಭಟ್ಟ’ ಎಂದು ಬರೆದರು.